ರೊಟ್ಟಿಯೊಳಗಿನ ಸುಡುವ ಬದನೆಕಾಯಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಬದನೆಕಾಯಿ ಸುಡುವ ವಾಸನೆ ಬಂದು ಹಳೆಯದೊಂದು ದಿನ ನೆನಪಾಯಿತು.

ನಾನು ಚಿಕ್ಕವನಿದ್ದಾಗ ಕಿತ್ತೂರಿನ ನಮ್ಮ ಮನೆಯಲ್ಲಿ ಮೋತಿ ಎಂಬ ನಾಯಿಯಿತ್ತು. ಅದು ಅಡುಗೆ ಕಟ್ಟೆಗೆ ಮುಂಗಾಲು ಹಚ್ಚಿ, ಹೊಲಕ್ಕೆ ಒಯ್ಯಬೇಕಾದ ರೊಟ್ಟಿಗಳನ್ನು ಮತ್ತೆ ಮತ್ತೆ ಕದಿಯುತ್ತಿತ್ತು. ಒಂದು ದಿನ ಅಜ್ಜಿ ಕೆಂಡದಿಂದ ತೆಗೆದ ಬದನೆಕಾಯಿಯನ್ನು ರೊಟ್ಟಿಯಲ್ಲಿ ಸುತ್ತಿ ಕಟ್ಟೆಯ ಅಂಚಿಗಿಟ್ಟಳು.

“ಒಮ್ಮಿ ಬಾಯಿ ಸುಟ್ಟರ ಮತ್ತ ಈ ಕಡೆ ಹಾಯೂದಿಲ್ಲ. ನೀ ಸುಮ್ನ ಕುಂದ್ರು,” ಎಂದಳು ನನಗೆ.

ಅಜ್ಜಿ ಕೆಟ್ಟವಳಲ್ಲ, ದಿನವೂ ಮೊದಲ ರೊಟ್ಟಿ ಮುರಿದು ಮೋತಿಗೆ ಹಾಕುತ್ತಿದ್ದವಳು ಅವಳೇ. ಅವಳ ಹಿರಿಯರೂ ನಾಯಿಗೆ ಹೀಗೇ ಬುದ್ಧಿ ಕಲಿಸಿದ್ದರಂತೆ.

ಮೋತಿಯ ಉಗುರುಗಳು ಕಲ್ಲುಹಾಸಿನ ಮೇಲೆ ಟಕಟಕ ಎನ್ನುತ್ತ ಹತ್ತಿರ ಬಂದವು. ಕಟ್ಟೆಯ ಮೇಲೆ ಮೊದಲು ಒಂದು ಕಾಲು, ಆಮೇಲೆ ಇನ್ನೊಂದು. ಅದು ಬಾಯಿ ತೆರೆಯುವಷ್ಟರಲ್ಲಿ ನಾನು ಹಾರಿ ರೊಟ್ಟಿ ಹಿಡಿದೆ. ಬಿಸಿ ತಿರುಳು ಅಂಗೈಗೆ ಅಂಟಿತು.

ಅಜ್ಜಿ ನನ್ನ ಕೈಯನ್ನು ಕೊಡದ ನೀರಿನಲ್ಲಿ ಅದ್ದಿದಳು. “ನಾಯಿ ಸಲುವಾಗಿ ಕೈ ಸುಟ್ಕೊಂಡ್ಯಲ್ಲೋ ಹುಚ್ಚಪ್ಪಾ!”

“ಕೈಗೇ ಇಷ್ಟ ಉರಿತೈತಿ. ಅದರ ನಾಲಿಗಿಗೆ ಎಷ್ಟ ಉರೀತಿತ್ತ ಬೇ ಅಜ್ಜಿ?”

ಅಜ್ಜಿ ಅದೇ ದಿನ ಸಂಜೆ ಗೋಡೆಗೆ ಎತ್ತರದಲ್ಲಿ ಮೊಳೆ ಹೊಡೆಸಿ ರೊಟ್ಟಿ ಬುಟ್ಟಿಯನ್ನು ತೂಗುಹಾಕಿದಳು. ಮೋತಿಯ ಕಳ್ಳತನ ಅಲ್ಲಿಗೆ ನಿಂತಿತು.

ಪ್ರಾಣಿದಯೆಯ ಬಗ್ಗೆ ಕಿರುಹೊತ್ತಿಗೆಗಳನ್ನು ಓದಿದ್ದು ದೊಡ್ಡವನಾದ ಮೇಲೆ. ಈಗ ಅವನ್ನು ಹಂಚಲು ಹೋದಾಗ, “ಹೊಡೀಲಾರದ ಯಾರಿಗೂ ಬುದ್ಧಿ ಬರೂದಿಲ್ಲ” ಎನ್ನುವವರು ಸಿಗುತ್ತಾರೆ. ಅವರಿಗೆ ನನ್ನದು ಒಂದೇ ಪ್ರಶ್ನೆ: “ಮೊದಲ ಬುಟ್ಟಿ ಎತ್ತರಕ್ಕ ಕಟ್ಟಿ ನೋಡೀರೇನ್ರಿ?”