ಗೋಧಿ ಹೊಲದ ಮೇಲಿನ ಮನೆ

ಚಿತ್ತವಾಡ್ಗಿಯ ನಮ್ಮ ಮನೆಯ ಮೇಲಿನ ಕೋಣೆಗೆ ಆ ವರ್ಷ ಈಜಿಪ್ಟಿನ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಹಂಪಿಯ ಕಲ್ಲುಕೆಲಸದ ಬಗ್ಗೆ ಓದುತ್ತಿದ್ದವಳು. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಸಂಜೆ ಬಿಸಿಲಿಗೆ ಮುಖ ಕೆಂಪಗಾಗಿ ಬರುತ್ತಿದ್ದಳು. ಊಟ ನಮ್ಮೊಂದಿಗೇ ಎಂದು ಅಮ್ಮ ಮೊದಲ ದಿನವೇ ತೀರ್ಮಾನಿಸಿದ್ದಳು. ಅವಳ ಇಂಗ್ಲಿಷನ್ನು ಅಮ್ಮನಿಗೆ, ಅಮ್ಮನ ಕನ್ನಡವನ್ನು ಅವಳಿಗೆ ದಾಟಿಸುವುದು ನನ್ನ ಕೆಲಸ.

ಜೋಳದ ರೊಟ್ಟಿ ಅವಳಿಗೆ ಬೇಗ ಒಗ್ಗಿತು. ತಮ್ಮಲ್ಲಿ ರೊಟ್ಟಿಗೆ ‘ಐಶ್’ ಎನ್ನುತ್ತಾರೆ, ಬದುಕು ಎಂಬ ಅರ್ಥವೂ ಆ ಮಾತಿಗಿದೆ ಎಂದು ಒಮ್ಮೆ ಹೇಳಿದಳು. ಅಮ್ಮ ನಕ್ಕಳು. “ನಮ್ಮಲ್ಲಿ ದುಡೀಲಾರ್ದ ಮಜಾ ಮಾಡೋದಕ್ಕ ಐಷ್ ಅಂತಾರ. ನಿಮ್ಮದ ಛಲೋ ಐತಿ ಬಿಡು.”

ಬೇಸಿಗೆಯ ಹೊತ್ತಿಗೆ ಎಲ್ಲೋ ದೂರದಲ್ಲಿ ಯುದ್ಧ ಹತ್ತಿಕೊಂಡು, ಅವಳ ದೇಶಕ್ಕೆ ಗೋಧಿ ತರುವ ಹಡಗುಗಳು ಬಂದರಿನಲ್ಲೇ ನಿಂತವು. ಅಂಗಡಿಯ ರೊಟ್ಟಿ ಸಣ್ಣದಾಗುತ್ತಿದೆ ಎಂದು ತಾಯಿ ಫೋನಿನಲ್ಲಿ ಹೇಳಿದ್ದಳಂತೆ. ಅಂದಿನಿಂದ ಹುಡುಗಿ ಒಂದೇ ರೊಟ್ಟಿ ತಿಂದು ಏಳತೊಡಗಿದಳು. ನಾನು ಗಮನಿಸಿರಲಿಲ್ಲ, ಅಮ್ಮ ಗಮನಿಸಿದ್ದಳು.

“ನೀ ಇಲ್ಲಿ ಬಿಟ್ಟಿದ್ದು ನಿಮ್ಮವ್ವನ ತಾಟಿಗೆ ಹೋಗಿ ಬೀಳೂದಿಲ್ಲ ತಂಗಿ, ಉಣ್ಣು.”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಅವಳ ಕಣ್ಣು ತುಂಬಿದ್ದವು.

ಮುಂದಿನ ಭಾನುವಾರ ಮೂವರೂ ನನ್ನ ಅಣ್ಣನಿರುವ ಕಂಪ್ಲಿಗೆ ಹೋದೆವು. ಅಣ್ಣನ ಗದ್ದೆಯಲ್ಲಿ ಬೇಸಿಗೆ ಭತ್ತದ ಕೊಯ್ಲು, ಯಂತ್ರ ಧೂಳೆಬ್ಬಿಸುತ್ತ ಸುತ್ತುತ್ತಿತ್ತು. ಹುಡುಗಿ ಕಾಲುವೆ ದಂಡೆಯಲ್ಲಿ ಕೂತು ತುಂಬ ಹೊತ್ತು ನೋಡಿದಳು. ತನ್ನ ಅಜ್ಜನಿಗೂ ನೈಲ್ ನದಿಯ ಕಾಲುವೆ ಪಕ್ಕ ಗೋಧಿ ಹೊಲವಿತ್ತು ಎಂದಳು. ಸ್ವಲ್ಪ ಆಚೆ ಹೋದರೆ ಬರೀ ಮರಳು. ಜನ ಇರಬೇಕಾದದ್ದೂ ಬೆಳೆ ಬೆಳೆಯಬೇಕಾದದ್ದೂ ನದಿಯ ಪಕ್ಕದ ಆ ಒಂದು ಪಟ್ಟಿಯಲ್ಲೇ. ಗಂಡುಮಕ್ಕಳಿಗೆ ಮದುವೆಯಾದ ಹಾಗೆಲ್ಲ ಅಜ್ಜ ಹೊಲದ ಒಂದೊಂದು ತುಂಡಿನಲ್ಲಿ ಮನೆ ಎಬ್ಬಿಸಿದ. ಮೊಮ್ಮಕ್ಕಳಿಗೆ ಅದರ ಮೇಲೆ ಮಹಡಿಗಳು ಬಂದವು.

“ನಾನು ಹುಟ್ಟಿದ ಕೋಣೆಯ ಜಾಗದಲ್ಲಿ ನಮ್ಮಪ್ಪ ಚಿಕ್ಕವನಿದ್ದಾಗ ಗೋಧಿ ಕೊಯ್ದಿದ್ದ,” ಎಂದಳು.

ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. “ನಿಮ್ಮಜ್ಜನದು ತಪ್ಪಿಲ್ಲವ್ವಾ. ಮಕ್ಕಳು ಎಲ್ಲಿ ಮಲಗಬೇಕು?”

ಅಣ್ಣ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ತನ್ನಿಬ್ಬರು ಗಂಡುಮಕ್ಕಳಿಗೆ ಮನೆ ಕಟ್ಟಿಸಲು ರಸ್ತೆಬದಿಯ ಗದ್ದೆಗೆ ಮಣ್ಣು ತುಂಬಿಸುವ ಯೋಚನೆಯಲ್ಲಿದ್ದ. ನಾವು ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದ.

“ಊರಾಗ ನಾವಿರೋ ಮನಿ ಮ್ಯಾಲೆ ಎರಡು ಖೋಲಿ ತಡೀತಾವೇನು, ಮೇಸ್ತ್ರಿನ್ನ ಕೇಳಿ ನೋಡ್ತೀನಿ.”

ತಡೆದವು. ದೊಡ್ಡ ಮಗನ ಸಂಸಾರ ಈಗ ಅಲ್ಲೇ ಇದೆ. ಚಿಕ್ಕವನ ಮದುವೆ ಮಾತು ಬಂದಾಗ ಮಾತ್ರ ಅಣ್ಣ ಈಗಲೂ ರಸ್ತೆಬದಿಯ ಗದ್ದೆಯ ಕಡೆ ನೋಡುತ್ತಾನೆ.

ಮೇ ತಿಂಗಳ ಕೊನೆಗೆ ಹುಡುಗಿ ಊರಿಗೆ ಹೊರಟಳು. ಅಮ್ಮ ಕಂಪ್ಲಿಯ ಅಕ್ಕಿಯನ್ನು ಬಟ್ಟೆಚೀಲಕ್ಕೆ ತುಂಬುತ್ತ, “ಮನ್ಯಾಗ ಎಷ್ಟು ಮಂದಿ ಅದೀರಿ?” ಎಂದು ಕೇಳಿದಳು. ಅವಳು ಕೆಳಮನೆಯಿಂದ ಶುರುಮಾಡಿ ಬೆರಳು ಮಡಿಸುತ್ತ ಹೋದಳು. ಎರಡನೇ ಮಹಡಿಗೆ ಬರುವಷ್ಟರಲ್ಲಿ ಬೆರಳು ಮುಗಿದವು. ಚಿಕ್ಕಪ್ಪನ ಸೊಸೆ ಈಗಷ್ಟೇ ಹಡೆದದ್ದು ನೆನಪಾಗಿ, ನಕ್ಕು, ಮತ್ತೆ ಕೆಳಗಿನಿಂದ ಎಣಿಸತೊಡಗಿದಳು.

ಅಮ್ಮ ಉತ್ತರಕ್ಕೆ ಕಾಯಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಇನ್ನೊಂದು ಸೇರು ಸುರಿದಳು.

“ವಿಮಾನದಾಗ ಅಷ್ಟು ತೂಕ ಬಿಡೂದಿಲ್ಲಮ್ಮ,” ಎಂದೆ ನಾನು.

ಅಮ್ಮನ ಕೈ ಚೀಲದ ಮೇಲೆ ಹಾಗೇ ನಿಂತಿತು. ಹುಡುಗಿಗೆ ನಾನು ಏನನ್ನೂ ವಿವರಿಸಬೇಕಾಗಲಿಲ್ಲ. ಬ್ಯಾಗು ಬಿಚ್ಚಿ, ಗುಡ್ಡ ಹತ್ತಲು ತಂದಿದ್ದ ದಪ್ಪ ಬೂಟುಗಳನ್ನು ಹೊರಗೆ ತೆಗೆದು, ಆ ಉರಿಬಿಸಿಲಿನಲ್ಲಿ ಕಾಲಿಗೆ ಹಾಕಿಕೊಂಡಳು. ಅವು ಬಿಟ್ಟ ಜಾಗದಲ್ಲಿ ಅಕ್ಕಿ ಕೂತಿತು.