ಗಾಡಿ ನಿಮ್ಮದು, ಸುತ್ತಿಗೆ ನನ್ನದು

ಬಿಸಿಲು ಇನ್ನೂ ಓರೆಯಾಗಿರುವಾಗಲೇ ಟಿಂಕರಮ್ಮ ಶೆಡ್ಡಿನ ಷಟರ್ ಎತ್ತುತ್ತಾರೆ. ಹೊತ್ತು ನೆತ್ತಿಗೆ ಬಂದರೆ ತಗಡಿನ ಉಬ್ಬು ತಗ್ಗು ಕಣ್ಣಿಗೆ ಸಿಗುವುದಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಡಿಕ್ಕಿಯ ಬಾಗಿಲನ್ನು ಒರೆಸುತ್ತಾರೆ. ಒಂದು ಕ್ಷಣ ತಗಡು ಕನ್ನಡಿಯಾಗುತ್ತದೆ, ಮೇಲಿನ ಟ್ಯೂಬ್‌ಲೈಟು ಅದರಲ್ಲಿ ಗೆರೆ ಎಳೆದಂತೆ ಮೂಡುತ್ತದೆ. ಆ ಗೆರೆ ಎಲ್ಲಿ ಸೊಟ್ಟಗಾಗುತ್ತದೋ ಅಲ್ಲಿಗೆ ಸುತ್ತಿಗೆ ಹೋಗುತ್ತದೆ. ಎಡಗೈ ತಗಡಿನ ಕೆಳಗೆ ಕಬ್ಬಿಣದ ಮುದ್ದೆಯೊಂದನ್ನು ಒತ್ತಿ ಹಿಡಿದಿರುತ್ತದೆ. ಬಲಗೈಯ ಪೆಟ್ಟು ಮೆತ್ತಗಿರುತ್ತದೆ, ಮಲಗಿದ ಮಗುವಿನ ಬೆನ್ನು ತಟ್ಟುವಷ್ಟೇ.

ಮುಂದೆ ನಿಂತಿರುವುದು ಜಪಾನಿನಲ್ಲಿ ಹುಟ್ಟಿದ, ಉದ್ದ ಮೂಗಿನ, ಎರಡೇ ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರು. ಬೀದಿಯ ಹುಡುಗರಿಗೆಲ್ಲ ಇದು ಪರಿಚಯ. ಯಾರೂ ನಿಜದಲ್ಲಿ ಕಂಡಿರಲಿಲ್ಲ, ಟಿವಿಯ ರೇಸಿಂಗ್ ಆಟದಲ್ಲಿ ಓಡಿಸಿದ್ದರು. ಕಾರು ಶೆಡ್ಡಿಗೆ ಬಂದ ದಿನ ಬಾಗಿಲಲ್ಲಿ ಜಾತ್ರೆ. "ಅಜ್ಜಿ, ಇದು ಮುನ್ನೂರರಲ್ಲಿ ಹೋಗುತ್ತೆ" ಎಂದ ಒಬ್ಬ. "ಹೋಗುತ್ತೆ ಮಗಾ, ಮೊದಲು ಹಿಂದಿನ ಬಾಗಿಲು ಹುಡುಕಿಕೊಂಡು ಬಾ" ಎಂದರು ಇವರು.

ಹೌದು, ಡಿಕ್ಕಿಗೆ ಬಾಗಿಲೇ ಇರಲಿಲ್ಲ. ಹಿಂದಿನ ಮಾಲೀಕ ಯಾರೋ ಅದನ್ನು ಕಿತ್ತು ಪ್ಲಾಸ್ಟಿಕ್ಕಿನ ದೊಡ್ಡ ರೆಕ್ಕೆ ಕೂರಿಸಿದ್ದ. ಹೊಸದು ಎಲ್ಲೂ ಸಿಗುವುದಿಲ್ಲ. ಬರಿಯ ತಗಡಿನಿಂದ ತಟ್ಟಿ ಮಾಡಿಕೊಡುವ ಕೈಗಳು ಊರಲ್ಲಿ ಉಳಿದಿರುವುದು ಇವರವೇ.

ಈ ಕೈ ಮಾವನಿಂದ ಬಂದದ್ದು. ಆತ ಬಸ್ಸುಗಳ ಮೈ ತಟ್ಟುತ್ತಿದ್ದ. ಮದುವೆಯಾಗಿ ಬಂದ ಸೊಸೆ ಊಟದ ಡಬ್ಬಿ ಕೊಡಲು ಬಂದು ಅಲ್ಲೇ ನಿಂತು ನೋಡುತ್ತಿದ್ದಳು. "ನೋಡ್ತಾ ನಿಂತ್ರೆ ಕಾಲು ನೋಯುತ್ತೆ, ಇದನ್ನ ಹಿಡಿ" ಎಂದು ಮಾವ ಕಬ್ಬಿಣದ ಮುದ್ದೆ ಕೊಟ್ಟ. ಗಂಡ ಲಾರಿ ಹಿಡಿದು ಊರೂರು ಸುತ್ತಿದ, ಒಂದು ದಿನ ಸುತ್ತುತ್ತಲೇ ಹೋಗಿಬಿಟ್ಟ. ಮಾವನ ಸುತ್ತಿಗೆಗಳು ಸೊಸೆಗೆ ಉಳಿದವು, ಟಿಂಕರಿಂಗ್ ಮಾಡುವವಳೆಂದು ಟಿಂಕರಮ್ಮ ಎಂಬ ಹೆಸರೂ ಬಂತು. ಹೆಂಗಸಿನ ಕೈಗೆ ಗಾಡಿ ಕೊಡುವುದಿಲ್ಲ ಎಂದು ಎಷ್ಟೋ ಜನ ಬಾಗಿಲವರೆಗೆ ಬಂದು ಹಿಂದಿರುಗಿದರು. "ಹೋಗ್ಲಿ ಬಿಡಿ. ಗುದ್ದಿಸಿಕೊಂಡವರಿಗೆ ಆಮೇಲೆ ಬುದ್ಧಿ ಬರುತ್ತೆ, ತಿರುಗಿ ಬರ್ತಾರೆ. ಬಂದ್ರು" ಎನ್ನುತ್ತಾರೆ.

ಈಗ ಗ್ಯಾರೇಜುಗಳಲ್ಲಿ ಗುಳಿ ಬಿದ್ದರೆ ಪೇಸ್ಟ್ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಸಂಜೆಗೆ ಕಳಿಸುತ್ತಾರೆ. ಇವರ ಶೆಡ್ಡಿನಲ್ಲಿ ಪೇಸ್ಟಿನ ಡಬ್ಬ ಇಲ್ಲ. "ಬೆರಳಲ್ಲಿ ತಟ್ಟಿ ನೋಡಿ. ತಗಡು ಟಣ್ ಅನ್ನಬೇಕು. ಪೇಸ್ಟಾದ್ರೆ ಥಪ್ ಅನ್ನುತ್ತೆ, ಒದ್ದೆ ಗೋಡೆ ಥರ."

ಕಾರಿನ ಯಜಮಾನರು ಹಲ್ಲಿನ ಡಾಕ್ಟರು. ಹಾಸ್ಟೆಲಿನಲ್ಲಿದ್ದಾಗ ಇದೇ ಕಾರನ್ನು ಆಟದಲ್ಲಿ ಓಡಿಸಿ ಓಡಿಸಿ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರು. "ಆಟದಲ್ಲಿ ನಮಗೆ ಕಾಣೋದು ಗಾಡಿ ಬೆನ್ನೇ ಅಮ್ಮ. ಆ ಬಾಲ ನೋಡ್ತಾ ನೋಡ್ತಾನೇ ನಾನು ದೊಡ್ಡವನಾಗಿದ್ದು" ಎನ್ನುತ್ತಾರೆ. ಡಿಕ್ಕಿಯ ಅಂಚು ಹಿಂದಕ್ಕೆ ಹೋಗಿ ಕೊನೆಯಲ್ಲಿ ಚೂರು ಮೇಲೆದ್ದಿರುತ್ತದೆ, ಅದೇ ಬಾಲ. ನಾಳೆ ಭಾನುವಾರ ಹಳೆಯ ಕಾರುಗಳ ಮೆರವಣಿಗೆ. ಅದರಲ್ಲಿ ಆ ಬಾಲ ಇರಲೇಬೇಕು ಎಂಬುದು ಅವರ ಹಟ.

ಅಳತೆಗೆ ಹಳೆಯ ಬಾಗಿಲಿಲ್ಲ. ಇದ್ದದ್ದು ಮಗಳ ಆಟ. ಮಗಳು ಶಾಲೆಯ ವ್ಯಾನ್ ಓಡಿಸುತ್ತಾಳೆ. ದಿನವಿಡೀ ಮಕ್ಕಳನ್ನು ಹೊತ್ತು ಆಮೆಯಂತೆ ಹೋಗುವವಳು ರಜೆಯ ದಿನ ಟಿವಿ ಮುಂದೆ ಕೂತರೆ ಗಾಳಿ. ಅವಳು ಪರದೆಯ ಮೇಲೆ ಕಾರನ್ನು ನಿಲ್ಲಿಸಿ, ತಿರುಗಿಸಿ ತೋರಿಸಿದಳು. ತಾಯಿ ಟಿವಿಗೆ ರಟ್ಟು ಹಿಡಿದು ಗೆರೆ ಎಳೆದುಕೊಂಡು, ಅದನ್ನು ಕಾರಿನ ಅಗಲಕ್ಕೆ ಹಿಗ್ಗಿಸಿಕೊಂಡರು. "ಅಮ್ಮ, ಟಿವಿಗೆ ಇಷ್ಟು ಹತ್ತಿರ ಕೂತರೆ ಕಣ್ಣು ಹೋಗುತ್ತೆ ಅಂತ ನನಗೆ ಬಯ್ತಿದ್ದೆ." "ನಿನಗೆ ಬಯ್ದಿದ್ದು ನಿನ್ನ ಕಣ್ಣಿಗೆ. ಸುಮ್ನೆ ತಿರುಗಿಸು."

ಬೇಸಿಗೆ ಪೂರ್ತಿ ತಟ್ಟಿದ ಬಾಗಿಲು ಸಿದ್ಧವಾಯಿತು. ಕೂರಿಸಿದಾಗ ಎರಡೂ ಪಕ್ಕದ ತಗಡಿಗಿಂತ ಬಾಲ ಬೆರಳು ದಪ್ಪ ಎತ್ತರ. ಹಳೆಯ ಕಾರು, ಪಕ್ಕದ ತಗಡುಗಳು ಕುಸಿದಿರಬೇಕು ಎಂದುಕೊಂಡ ಟಿಂಕರಮ್ಮ, ಬಲಗಡೆಯದನ್ನು ಎತ್ತಲು ಒಳಗಿನಿಂದ ಒಂದು ಪೆಟ್ಟು ಕೊಟ್ಟರು. ಸುತ್ತಿಗೆ ಪುಟಿದು ಬಂತು.

"ಕುಸಿದ ತಗಡು ಪೆಟ್ಟು ಬಿದ್ದರೆ ಖುಷಿಯಾಗಿ ಮೇಲೆ ಬರುತ್ತೆ, ಬಿದ್ದವನಿಗೆ ಕೈ ಕೊಟ್ಟ ಹಾಗೆ. ಇದು ಒದೀತು. ಅಂದ್ರೆ ಅದು ಅದರ ಜಾಗದಲ್ಲೇ ಇದೆ. ತಪ್ಪಿರೋದು ನನ್ನ ಬಾಗಿಲು."

ಆಟ ಮಾಡಿದವರು ಬಾಲವನ್ನು ಚೂರು ಎತ್ತಿಬಿಟ್ಟಿದ್ದರು. ಆಡುವವನಿಗೆ ಸದಾ ಕಾಣುವುದು ಹಿಂಭಾಗ, ಅದಕ್ಕೆ ಅಂದ ಮಾಡಿದ್ದರು. ಟಿಂಕರಮ್ಮ ಅದನ್ನೇ ನಂಬಿದ್ದರು. ಅದೇ ದಿನ ಡಾಕ್ಟರು ಬಂದು ನೋಡಿ, "ಆಹಾ, ಇದೇ ಬೇಕಿದ್ದದ್ದು" ಎಂದರು.

"ಇದಲ್ಲ ಡಾಕ್ಟ್ರೇ. ಕತ್ತರಿಸಬೇಕು."

"ಕತ್ತರಿಸೋದಾ? ಆಟದಲ್ಲಿ ಹೀಗೇ ಇದೆಯಲ್ಲಮ್ಮ. ಪಕ್ಕಕ್ಕೆ ಚೂರು ಪೇಸ್ಟ್ ಹಾಕಿ ಸಮ ಮಾಡಿ, ಮುಗೀತು."

"ನೀವು ಹಲ್ಲಿಗೆ ಸಿಮೆಂಟ್ ತುಂಬ್ತೀರಿ, ಅದು ನಿಮ್ಮ ಕಸುಬು. ನಾನು ತುಂಬಲ್ಲ."

"ಹಲ್ಲು ತಿರುಗಿ ಬೆಳೆಯಲ್ಲಮ್ಮ, ಅದಕ್ಕೇ ತುಂಬೋದು."

"ತಗಡೂ ಬೆಳೆಯಲ್ಲ. ಆದರೆ ಹೇಳಿದ ಮಾತು ಕೇಳುತ್ತೆ, ಹಿಗ್ಗುತ್ತೆ. ಹಲ್ಲು ಕೇಳುತ್ತಾ?"

ಡಾಕ್ಟರಿಗೆ ನಗು ಬಂತು, ಕೋಪವೂ ಬಂತು. ಗಾಡಿ ನನ್ನದು, ದೊಡ್ಡ ಗ್ಯಾರೇಜಿಗೆ ಒಯ್ದರೆ ಒಂದೇ ಸಂಜೆಗೆ ಮಾಡಿಕೊಡುತ್ತಾರೆ ಎಂದರು. ಟಿಂಕರಮ್ಮ ಎದ್ದು ನಿಂತರು. "ಗಾಡಿ ನಿಮ್ಮದು, ಸುತ್ತಿಗೆ ನನ್ನದು. ಬೇಕಾದ್ರೆ ತಳ್ಳಿಕೊಂಡು ಹೋಗಿ, ಆದರೆ ನಾನು ಮಾಡಿದ ಬಾಗಿಲು ಬಿಚ್ಚಿಟ್ಟು ಹೋಗಿ. ನನ್ನ ತಪ್ಪು ಬೀದೀಲಿ ಓಡಬಾರದು. ಇಲ್ಲಾಂದ್ರೆ ಶನಿವಾರ ಬೆಳಗ್ಗೆ ಬನ್ನಿ."

ಮಗಳೂ ತಾಯಿಗೆ ಬಯ್ದಳು. ಒಪ್ಪಿಕೊಂಡವರ ಹತ್ತಿರ ಜಗಳ ಕಾಯುವುದು ಯಾಕೆ, ನೋಡುವವರಿಗೆ ತಿಳಿಯುವುದೇ ಇಲ್ಲವಲ್ಲ ಎಂದಳು. "ಈ ಅಂಗೈಗೆ ತಿಳಿಯುತ್ತಲ್ಲೇ. ರಾತ್ರಿ ಇದನ್ನ ತಲೆ ಕೆಳಗಿಟ್ಟುಕೊಂಡೇ ಮಲಗಬೇಕು ನಾನು."

ಆ ಶನಿವಾರ ಇವತ್ತು. ಕತ್ತರಿಸಿ ತೆಗೆದ ಮೊದಲ ಬಾಲ ಗೋಡೆಯ ಮೊಳೆಗೆ ನೇತಾಡುತ್ತಿದೆ, ಮಗಳು ಅದರ ಮೇಲೆ ಟವೆಲ್ ಒಣಹಾಕಿದ್ದಾಳೆ. ಹೊಸ ಅಂಚು ಬೆಸುಗೆಯಾಗಿದೆ, ಬಣ್ಣ ಬಿದ್ದಿಲ್ಲ. ಟಿಂಕರಮ್ಮ ಕೊನೆಯ ಸಲ ಅಂಗೈಗೆ ಬಟ್ಟೆ ಸುತ್ತಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸವರುತ್ತಾರೆ. ಎಲ್ಲೂ ಕೈ ನಿಲ್ಲುವುದಿಲ್ಲ. ಬಾಗಿಲನ್ನು ಕೆಳಗೆ ಬಿಡುತ್ತಾರೆ. ಅದು ಉಸಿರು ಬಿಟ್ಟಂತೆ ಕೂರುತ್ತದೆ.

ಡಾಕ್ಟರು ಮುಖ ಗಂಟಿಕ್ಕಿಕೊಂಡೇ ಬರುತ್ತಾರೆ. ನೇರ ಕಾರಿನ ಹಿಂದಕ್ಕೆ ಹೋಗಿ, ನಾಲ್ಕು ಹೆಜ್ಜೆ ದೂರ ಸರಿದು, ಮೊಣಕಾಲು ಬಗ್ಗಿಸಿ ಕೂರುತ್ತಾರೆ. ಆಟದಲ್ಲಿ ಕಾರು ಕಾಣುವುದು ಅಷ್ಟೇ ಎತ್ತರದಿಂದ. ಬಹಳ ಹೊತ್ತು ನೋಡುತ್ತಾರೆ.

"ಸಣ್ಣದಾಯ್ತು" ಎನ್ನುತ್ತಾರೆ.

"ನೀವು ದೊಡ್ಡವರಾದ್ರಿ" ಎನ್ನುತ್ತಾರೆ ಟಿಂಕರಮ್ಮ.

ಡಾಕ್ಟರು ಎದ್ದು ಬಂದು ಬಲಗಡೆಯ ತಗಡನ್ನು ಬೆರಳಿನಿಂದ ತಟ್ಟುತ್ತಾರೆ. ಟಣ್. ಬಾಗಿಲನ್ನು ತಟ್ಟುತ್ತಾರೆ. ಟಣ್. ಮತ್ತೆ ಅದು, ಮತ್ತೆ ಇದು.

"ಅದು ಜಪಾನಿಂದು. ಇದು ನಂದು" ಎಂದು ಟಿಂಕರಮ್ಮ ಕೈ ಒರೆಸಿಕೊಳ್ಳುತ್ತಾರೆ.

"ಬಣ್ಣ?"

"ನಾಳೆ ಹೀಗೇ ಹೋಗಲಿ. ಬಣ್ಣ ಆಮೇಲೆ. ಒಳಗೆ ಏನೂ ಮುಚ್ಚಿಟ್ಟಿಲ್ಲ ಅಂತ ನಾಲ್ಕು ಜನ ನೋಡಲಿ."

ಡಾಕ್ಟರು ತಲೆಯಾಡಿಸುತ್ತಾರೆ. ಬೇರೆ ಏನಾದರೂ ಬೇಕೇ ಎಂದು ಕೇಳುತ್ತಾರೆ. ಟಿಂಕರಮ್ಮನಿಗೆ ಗಾಡಿ ಓಡಿಸಲು ಬರುವುದಿಲ್ಲ. "ಮಗಳು ಒಂದು ಸುತ್ತು ಓಡಿಸಲಿ. ನಾನು ಹಿಂದೆ ನಿಂತು ನೋಡ್ತೀನಿ, ಅಷ್ಟು ಸಾಕು." ಡಾಕ್ಟರು ಕೀಲಿಯನ್ನು ಮಗಳ ಕೈಗೆ ಹಾಕುತ್ತಾರೆ.

ಕಾರು ಬೀದಿಗಿಳಿಯುತ್ತದೆ. ಬಣ್ಣವಿಲ್ಲದ ಬಾಲಕ್ಕೆ ಬಿಸಿಲು ತಾಗಿ ಬೀದಿಯುದ್ದಕ್ಕೂ ಒಂದು ಬಿಳಿ ಗೆರೆ ಓಡುತ್ತದೆ. ಗೆರೆ ಎಲ್ಲೂ ಸೊಟ್ಟಗಾಗುವುದಿಲ್ಲ. ತಿರುವಿನಲ್ಲಿ ಮಗಳು ವ್ಯಾನಿಗಿಂತಲೂ ನಿಧಾನ.

"ಆಟದಲ್ಲಿ ಹಾರಿಸ್ತಿದ್ದಳಂತೆ, ಇಲ್ಲೇನು ಹೀಗೆ ಹೋಗ್ತಾಳೆ?" ಎಂದು ಡಾಕ್ಟರು ನಗುತ್ತಾರೆ.

ಟಿಂಕರಮ್ಮ ಕಣ್ಣು ಕೀಳುವುದಿಲ್ಲ. "ಅಲ್ಲಿ ಗುದ್ದಿದ್ರೆ ಬಟನ್ ಒತ್ತಿ ಸರಿ ಮಾಡ್ಕೋತಾಳೆ. ಇಲ್ಲಿ ಬಟನ್ ನಾನೇ ಅಂತ ಅವಳಿಗೆ ಗೊತ್ತು."