ಒಂಬತ್ತನೆಯ ದಿನದ ಐವಿ ಕಟ್ಟು

ಯುಸ್ತಿನಾಳ ಊರಲ್ಲಿ ಅಂಗಡಿಗೆ ಬೋರ್ಡು ಬರೆಸುವ ಖರ್ಚಿಲ್ಲ. ಕೂಡುರಸ್ತೆಯ ಕಂಬದಲ್ಲಿ ಒಂದು ಕಟ್ಟು ಐವಿ ಬಳ್ಳಿ ತೂಗುತ್ತಿದ್ದರೆ ಸಾಕು. ಆ ದಾರಿಯ ಕೊನೆಯ ಮನೆಯವರು ತಮ್ಮ ನೆಲಮಾಳಿಗೆ ತೆರೆದಿದ್ದಾರೆ, ಅವರ ಅಂಗಳದಲ್ಲಿ ಕೂತು ಅವರೇ ಮಾಡಿದ ಕಪ್ಪುಗೆಂಪು ತೆರಾನ್ ವೈನು ಕುಡಿಯಬಹುದು, ಗಾಳಿಗೆ ಒಣಗಿಸಿದ ಹಂದಿತೊಡೆ ತಿನ್ನಬಹುದು ಎಂದು ಅರ್ಥ. ಸುಣ್ಣಕಲ್ಲು ಗುಡ್ಡಗಳ ಈ ಕಾರ್ಸ್ಟ್ ಸೀಮೆಯಲ್ಲಿ ಇದಕ್ಕೆ ಓಸ್ಮಿತ್ಸಾ ಎನ್ನುತ್ತಾರೆ, ಎಂಟು ದಿನದ್ದು ಎಂದು. ಯಾವ ಕಾಲದಲ್ಲೋ ಯಾವನೋ ಚಕ್ರವರ್ತಿ ಎಂಟು ದಿನ ಮಾರಿಕೊಳ್ಳಿ ಎಂದಿದ್ದನಂತೆ. ಚಕ್ರವರ್ತಿ ಹೋದ, ಎಂಟು ದಿನ ಉಳಿಯಿತು. ಈಗ ಅದಕ್ಕೆ ಪರವಾನಗಿ ಬೇಕು, ಅಷ್ಟೆ.

ಯುಸ್ತಿನಾ ಇಪ್ಪತ್ತೆರಡನೆಯ ವಯಸ್ಸಿಗೆ ಕಮ್ಮಾರರ ಮನೆಗೆ ಸೊಸೆಯಾಗಿ ಬಂದವಳು. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಕಬ್ಬಿಣ ಬಡಿದಿಲ್ಲ. ಆದರೂ ಊರಿನವರಿಗೆ ಅದು ಕಮ್ಮಾರರ ಮನೆಯೇ. ಈಗ ಅವಳಿಗೆ ಅರವತ್ತನಾಲ್ಕು. ವರ್ಷಕ್ಕೆ ಎರಡು ಸಲ, ಬೇಸಿಗೆಯ ಕೊನೆಗೊಮ್ಮೆ ಮತ್ತು ನವೆಂಬರಿನಲ್ಲೊಮ್ಮೆ, ಗಂಡ ಅಲ್ಬಿನ್ ಕಂಬಕ್ಕೆ ಐವಿ ಕಟ್ಟುತ್ತಾನೆ, ಅವಳು ಮೇಜು ಒರೆಸುತ್ತಾಳೆ. ಮೇಜು ಒಂದೇ. ಗಾಳಿಗೆ ಬಿದ್ದ ಆಕ್ರೋಟು ಮರದಲ್ಲಿ ಮಾವ ಮಾಡಿಸಿದ್ದು. ಹತ್ತು ಜನ ಕೂರಬಹುದು, ಪರಸ್ಪರ ಜಗಳವಿಲ್ಲದಿದ್ದರೆ ಹನ್ನೆರಡು.

ಇಳಿಜಾರಿನ ಕೆಳಗೆ ರಾದೊ ಎಂಬವನ ಮನೆ. ಅವನು ಅಂಗಳ ಅಗಲಿಸಿ ಎರಡು ಬಸ್ಸು ನಿಲ್ಲುವಷ್ಟು ಜಾಗ ಮಾಡಿಸಿದ್ದಾನೆ. ಅಲ್ಲಿ ಐವತ್ತು ಜನ ಒಟ್ಟಿಗೆ ಕೂತು, ಐವತ್ತು ತಟ್ಟೆಯಲ್ಲಿ ಅಳತೆಯಿಟ್ಟು ಹಾಕಿದ ಐವತ್ತು ಪಾಲು ತಿಂದು, ಮುಕ್ಕಾಲು ಗಂಟೆಯಲ್ಲಿ ಎದ್ದು ಹೋಗುತ್ತಾರೆ. ವ್ಯಾಪಾರದ ಕಣ್ಣಿಂದ ನೋಡಿದರೆ ರಾದೊ ಮಾಡಿದ್ದರಲ್ಲಿ ತಪ್ಪಿಲ್ಲ. ಯುಸ್ತಿನಾಳಿಗೂ ಬಸ್ಸಿನ ಜನ ಕಳಿಸುತ್ತೇವೆ ಎಂದವರಿದ್ದರು. "ಐವತ್ತು ಜನರಿಗೆ ಊಟ ಹಾಕಬಹುದಪ್ಪ, ಐವತ್ತು ಜನರನ್ನ ಮಾತಾಡಿಸೋದು ಹೇಗೆ?" ಎಂದು ಅವಳು ಅವರನ್ನು ವಾಪಸ್ಸು ಕಳಿಸಿಬಿಟ್ಟಳು.

ಅವಳಿಗೆ ಬೇಕಾದದ್ದು ಆ ಮಾತೇ. ಲ್ಯುಬ್ಲ್ಯಾನಾದ ತಾದೇಯ್ ಎಂಬ ಮಾರ್ಗದರ್ಶಿ ವ್ಯಾನಿನಲ್ಲಿ ಏಳೆಂಟು ಜನರನ್ನು ಕರೆತರುತ್ತಿದ್ದ. ನೆಂಟನಲ್ಲದಿದ್ದರೂ ಅವಳನ್ನು ಅತ್ತೆ, ಅಲ್ಬಿನ್‌ನನ್ನು ಮಾವ ಎನ್ನುತ್ತಿದ್ದ. ಒಬ್ಬೊಬ್ಬರನ್ನೂ ಅವಳು ಕೂರಿಸಿಕೊಂಡು ಕೇಳುತ್ತಿದ್ದಳು: ಮನೆಯಲ್ಲಿ ಅಡಿಗೆ ಯಾರು ಮಾಡ್ತಾರೆ, ಅಣ್ಣತಮ್ಮಂದಿರ ಜೊತೆ ಮಾತಿದೆಯಾ, ಮಂಡಿ ನೋವಿಗೆ ಏನು ಹಚ್ಚುತ್ತೀರಿ. ತಾವು ಊರಿನವರನ್ನು ನೋಡಲು ಬಂದಿದ್ದೇವೆಂದು ಪ್ರವಾಸಿಗರು ತಿಳಿದಿದ್ದರು. ಅವರನ್ನು ನೋಡಲೆಂದೇ ಅವಳು ಮೇಜು ಹಾಕುತ್ತಿದ್ದಾಳೆಂಬುದು ಅವರಿಗೆ ಗೊತ್ತಿರಲಿಲ್ಲ. ಗ್ರಾಹಕನೆಂದು ತಿಳಿದು ಬಂದವನೇ ಸರಕಾಗುವುದು ಹೀಗೆ.

ಎರಡು ವರ್ಷದ ಹಿಂದೆ ಅವಳು ಒಂದು ತಪ್ಪು ಮಾಡಿದ್ದಳು. ಎಂಟು ದಿನ ಮುಗಿದ ಮರುದಿನ ಬಂದ ಇಬ್ಬರು ಸೈಕಲ್ ಸವಾರರಿಗೆ ವೈನು ಕೊಟ್ಟು ಹಣ ತೆಗೆದುಕೊಂಡಳು. ಯಾರೋ ಫೋನು ಮಾಡಿದರು. ತಪಾಸಣೆಯವರು ಬಂದು ಎಚ್ಚರಿಕೆ ಬರೆದುಕೊಟ್ಟರು: ಇನ್ನೊಮ್ಮೆ ಸಿಕ್ಕಿಬಿದ್ದರೆ ಪರವಾನಗಿ ಇಲ್ಲ, ಕಂಬಕ್ಕೆ ಐವಿಯೂ ಇಲ್ಲ. ಆ ಕಾಗದವನ್ನು ಅವಳು ಉಪ್ಪಿನ ಡಬ್ಬಿಯ ಹಿಂದೆ, ದಿನಕ್ಕೆ ಮೂರು ಸಲ ಕಣ್ಣಿಗೆ ಬೀಳುವ ಕಡೆ ಇಟ್ಟಿದ್ದಳು.

ಹೀಗಿರುವಾಗ ಈ ಸೆಪ್ಟೆಂಬರಿನಲ್ಲಿ, ಎಂಟು ದಿನ ಮುಗಿದು ಒಂಬತ್ತನೆಯ ದಿನ, ಹನ್ನೊಂದು ಗಂಟೆಗೆ ತಾದೇಯ್ ಅಂಗಳದಲ್ಲಿ ನಿಂತಿದ್ದ. ಹಿಂದೆ ಎಂಟು ಜನ.

"ಅತ್ತೆ, ಬೆಳಗ್ಗೆ ಆರಕ್ಕೆ ನಡೆಯೋಕೆ ಶುರು ಮಾಡಿದವರು. ಏನಿದೆ ತಿನ್ನೋಕೆ?"

"ನಿನ್ನೆ ಬರಬೇಕಿತ್ತು ಕಣೋ. ನಿನ್ನೆಗೆ ಮುಗೀತು."

"ಕಂಬದಲ್ಲಿ ಐವಿ ತೂಗ್ತಾ ಇದೆಯಲ್ಲ? ಮಾವಂಗೆ ಫೋನ್ ಮಾಡಿದಾಗ, ಐವಿ ಕಂಡರೆ ಬಾ ಅಂದ್ರು. ಕಾಣ್ತು, ಬಂದೆ."

ಯುಸ್ತಿನಾ ಬೆಂಚಿನ ಕಡೆ ತಿರುಗಿದಳು. ಅಲ್ಬಿನ್ ಬೆನ್ನಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದ. ಎಂಟನೆಯ ದಿನ ಸಂಜೆ ಪೀಪಾಯಿ ಉರುಳಿಸಲು ಹೋಗಿ ಅವನ ಸೊಂಟ ಹಿಡಿದುಕೊಂಡಿತ್ತು.

"ಕೇಳಿಸ್ತಾ? ಐವಿ ತೂಗ್ತಾ ಇದೆಯಂತೆ."

"ನಂಗೆ ಹಿಡ್ಕೊಂಡಿರೋದು ಸೊಂಟ, ಕಿವಿಯಲ್ಲ," ಎಂದ ಅಲ್ಬಿನ್. "ಕಟ್ಟಿದವನೇ ಬಿಚ್ಚಬೇಕು. ಬೇರೆಯವರು ಮುಟ್ಟಿದರೆ ಪೀಪಾಯಿ ಹುಳಿಯಾಗುತ್ತೆ. ನಮ್ಮಪ್ಪ ಹೇಳ್ತಿದ್ದ."

"ನಿಮ್ಮಪ್ಪನ ಪೀಪಾಯಿ ಹುಳಿಯಾಗಿದ್ದು ತೊಳೀದೆ ಇದ್ದದ್ದಕ್ಕೆ."

ಹಾಗೆಂದವಳು ಬೆಳಗ್ಗೆಯೇ ಹೋಗಿ ತಾನೇ ಬಿಚ್ಚಬಹುದಿತ್ತು. ಬಿಚ್ಚಿರಲಿಲ್ಲ. ಮೂಢನಂಬಿಕೆಗೆ ನಗುವುದು ಬೇರೆ, ಆರುನೂರು ಲೀಟರ್ ವೈನನ್ನು ಪಣಕ್ಕಿಡುವುದು ಬೇರೆ.

ಎಂಟು ಜನರ ಮುಖ ಇಳಿಯಿತು. ಭಾಷೆ ಬಾರದಿದ್ದರೂ ಊಟವಿಲ್ಲ ಎಂಬ ಮಾತು ಯಾವ ಭಾಷೆಯಲ್ಲೂ ಅರ್ಥವಾಗುತ್ತದೆ. ಎಲ್ಲರಿಗಿಂತ ಉದ್ದದವನು ಡಚ್ ಹಲ್ಲಿನ ವೈದ್ಯ, ವೌಟರ್ ಎಂದು ಹೆಸರು. ಎಲ್ಲರಿಗಿಂತ ಕುಳ್ಳಿ ಗ್ವೆನ್, ವೇಲ್ಸ್ ದೇಶದ ಎಪ್ಪತ್ತರ ಹೆಂಗಸು, ಕೈಗಳು ಮಾತ್ರ ಮೈಗಿಂತ ಎರಡು ಅಳತೆ ದೊಡ್ಡವು. ಯುಸ್ತಿನಾ ಆ ಕೈಗಳನ್ನು ಹಸು ಕೊಳ್ಳುವವಳಂತೆ ನೋಡಿದಳು.

"ತಾದೇಯ್, ಇವರಿಗೆ ಕಲ್ಲು ಎತ್ತೋಕಾಗುತ್ತಾ ಕೇಳು."

"ಅತ್ತೆ, ಅವರು ರಜೆಗೆ ಬಂದಿದ್ದಾರೆ."

"ನಾನು ಮಾರೋ ಹಾಗಿಲ್ಲ, ಅದು ಕಾನೂನು. ಕೆಲಸಕ್ಕೆ ಬಂದವರಿಗೆ ಊಟ ಹಾಕಬಾರದು ಅಂತ ಎಲ್ಲೂ ಬರೆದಿಲ್ಲ. ಕೆಳಗಿನ ತೋಟದ ಗೋಡೆ ಬಿದ್ದಿದೆ. ನಿನ್ನೆ ರಾತ್ರಿ ಕಾಡುಹಂದಿ ನುಗ್ಗಿ ಎರಡು ಸಾಲು ದ್ರಾಕ್ಷಿ ತಿಂದಿವೆ. ಗೋಡೆ ಎದ್ದರೆ ಲಿಕೊಫ್."

ಲಿಕೊಫ್ ಎಂದರೆ ಹತ್ತು ಕೈ ಸೇರಿ ಮುಗಿಸಿದ ಕೆಲಸದ ಕೊನೆಗೆ ಮನೆಯವರು ಹಾಕುವ ಊಟ. ಅದಕ್ಕೆ ದುಡ್ಡು ಕೊಡುತ್ತೇನೆ ಎಂದರೆ ಅವಮಾನ, ಬೇಡ ಎಂದರೆ ಇನ್ನೂ ದೊಡ್ಡ ಅವಮಾನ. ಕೆಲಸಕ್ಕೆ ಕರೀಬೇಡ, ಊಟಕ್ಕೆ ಮರೀಬೇಡ ಎನ್ನುವ ಜಾತಿಯವರಿಗೆ ಈ ಪದ್ಧತಿ ಒಗ್ಗುವುದಿಲ್ಲ. ತಾದೇಯ್ ಹೇಳಿ ಮುಗಿಸುವುದರೊಳಗೆ ಗ್ವೆನ್ ಬೆನ್ನಿನ ಚೀಲ ಕೆಳಗಿಟ್ಟು ತೋಳು ಮಡಿಸಿದ್ದಳು.

ಅಲ್ಬಿನ್‌ನನ್ನು ಕುರ್ಚಿ ಸಮೇತ ಎತ್ತಿ ತೋಟದ ಅಂಚಿನಲ್ಲಿ ಇಟ್ಟರು. ಗಾರೆಯಿಲ್ಲದ ಕಲ್ಲುಗೋಡೆ. ಅಲ್ಲಿನವರ ಪ್ರಕಾರ ಅದಕ್ಕೆ ಬೇಕಾದ್ದು ಎರಡೇ, ಕಲ್ಲು ಮತ್ತು ಜಗಳ. ಅಲ್ಬಿನ್ ಕೋಲಿನಿಂದ ತೋರಿಸಿದ, "ದೊಡ್ಡದು ಕೆಳಗೆ." ಗ್ವೆನ್ ತಲೆಯಾಡಿಸಿ ದೊಡ್ಡದನ್ನು ಅಡ್ಡ ಇಡದೆ ಒಳಮುಖವಾಗಿ ಉದ್ದಕ್ಕೆ ಇಟ್ಟಳು.

"ಅದು ಹಾಗಲ್ಲ ತಾಯಿ, ಮುಖ ಹೊರಗೆ ಬರಬೇಕು."

ಗ್ವೆನ್ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಚಿಕ್ಕದಾಗಿರಲಿಲ್ಲ.

"ಏನಂತೆ?" ಎಂದ ಅಲ್ಬಿನ್.

"ಅವರಪ್ಪನ ಕುರಿಗಳು ನಿಮ್ಮ ಗೋಡೆಯನ್ನ ಒಂದು ಮಧ್ಯಾಹ್ನದಲ್ಲಿ ದಾಟ್ತಿದ್ದವಂತೆ," ಎಂದ ತಾದೇಯ್.

"ಅವರಪ್ಪನ ಕುರಿಗಳಿಗೆ ನಮ್ಮ ಬುರ್ಯಾ ಗಾಳಿ ಬೀಸಿದ್ದರೆ ದಾಟೋದಲ್ಲ, ಹಾರ್ತಿದ್ದವು ಅಂತ ಹೇಳು."

ಸ್ವಲ್ಪ ಹೊತ್ತಿನ ಮೇಲೆ ತಾದೇಯ್ ಅನುವಾದ ಬಿಟ್ಟು ಕಲ್ಲು ಹೊರಲು ಹೋದ. ಅವರಿಬ್ಬರು ಮಾತ್ರ ತಮ್ಮ ತಮ್ಮ ಭಾಷೆಯಲ್ಲಿ ಎರಡು ಗಂಟೆ ಜಗಳವಾಡಿದರು. ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗದೆ ಹೋದಂತೆ ಕಾಣಲಿಲ್ಲ. ಇನ್ನೊಂದು ತುದಿಯಲ್ಲಿ ವೌಟರ್ ಬಹಳ ಶ್ರದ್ಧೆಯಿಂದ, ಸಣ್ಣ ಸಣ್ಣ ಕಲ್ಲುಗಳನ್ನು ಆರಿಸಿ, ಸಂದುಗಳಿಗೆ ತುಂಬಿ, ದೂರ ನಿಂತು ನೋಡಿ ಸಂತೋಷಪಟ್ಟುಕೊಂಡು ಕಟ್ಟುತ್ತಿದ್ದ. ಯುಸ್ತಿನಾ ಒಮ್ಮೆ ಬಂದು ನೋಡಿ, ಹಂದಿತೊಡೆ ಕೊಯ್ಯಲು ಹೋದಳು.

ಮೂರು ಗಂಟೆಗೆ ಎಲ್ಲರೂ ಆಕ್ರೋಟು ಮೇಜಿನ ಸುತ್ತ ಕೂತರು. ಯುಸ್ತಿನಾ ಎಲೆಯಷ್ಟು ತೆಳ್ಳಗೆ ಕೊಯ್ದ ಹಂದಿತೊಡೆ, ಬೇಯಿಸಿದ ಮೊಟ್ಟೆ, ಬ್ರೆಡ್ಡು ತಂದಿಟ್ಟು, ಹೂಜಿಯಲ್ಲಿ ತೆರಾನ್ ತುಂಬಿಸಿದಳು. ಆಮೇಲೆ ತನ್ನ ವಸೂಲಿಗೆ ಕೂತಳು. ವೌಟರ್‌ನ ಹೆಂಡತಿ ಬೇಕರಿ ಇಟ್ಟಿದ್ದಾಳೆ, ಅವನು ಕೆಡಿಸದ ಹಲ್ಲನ್ನು ಅವಳು ಕೆಡಿಸುತ್ತಾಳೆ ಎಂಬುದು ಹೊರಬಿತ್ತು. ಗ್ವೆನ್ ತನ್ನ ತಂದೆ ಸತ್ತ ಮೇಲೆ ಇವತ್ತೇ ಮೊದಲ ಸಲ ಗೋಡೆಕಲ್ಲು ಮುಟ್ಟಿದ್ದು ಎಂದಳು. ಅದನ್ನು ತಾದೇಯ್ ಇದ್ದದ್ದು ಇದ್ದಂತೆ ಅನುವಾದಿಸಿದ. ಅಲ್ಬಿನ್ ತನ್ನ ಲೋಟವನ್ನು ಅವಳ ಲೋಟಕ್ಕೆ ತಾಗಿಸಿದ.

ಆಗ ಗೇಟಿನ ಬಳಿ ಸರಕಾರಿ ಕಾರು ನಿಂತಿತು.

ಇಳಿದವನು ಕ್ಲಾವ್ದಿಯ್, ತಪಾಸಣೆಯವನು. ಎರಡು ವರ್ಷದ ಹಿಂದೆ ಆ ಕಾಗದ ಬರೆದುಕೊಟ್ಟವನೇ. ಪಕ್ಕದ ಊರಿನವನು. ಈ ಸಲ ಫೋನು ಮಾಡಿದವರು ಯಾರೆಂದು ಅವನು ಹೇಳಲಿಲ್ಲ. ಕೆಳಗಿನ ಅಂಗಳದಲ್ಲಿ ರಾದೊ ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತಿದ್ದ.

"ಯುಸ್ತಿನಕ್ಕ, ಇವತ್ತು ಎಷ್ಟನೇ ದಿನ?"

"ಒಂಬತ್ತು."

"ಕಂಬದಲ್ಲಿ ಐವಿ ಇದೆ. ಮೇಜಿನ ಮೇಲೆ ವೈನಿದೆ. ಎಂಟು ಗಿರಾಕಿಗಳಿದ್ದಾರೆ. ನಾನು ಏನು ಬರೀಲಿ?"

ಯುಸ್ತಿನಾಳಿಗೆ ಉಪ್ಪಿನ ಡಬ್ಬಿಯ ಹಿಂದಿನ ಕಾಗದ ಅಕ್ಷರ ಅಕ್ಷರವಾಗಿ ಕಂಡಿತು. ಧ್ವನಿಯನ್ನು ಮಾತ್ರ ಅಲುಗಲು ಬಿಡಲಿಲ್ಲ. "ಗಿರಾಕಿಗಳಲ್ಲ. ಗೋಡೆ ಕಟ್ಟೋಕೆ ಬಂದವರು. ಇದು ಲಿಕೊಫ್."

"ಈ ಬಣ್ಣದ ಶೂ ಹಾಕ್ಕೊಂಡು ಗೋಡೆ ಕಟ್ಟೋರನ್ನ ನಾನು ನೋಡಿಲ್ಲ."

"ಕೈ ನೋಡು."

ತಾದೇಯ್ ಪಿಸುಗುಟ್ಟಿದ. ಮೇಜಿನ ಸುತ್ತ ಎಂಟು ಜೊತೆ ಅಂಗೈಗಳು ಶಾಲೆಯ ಮಕ್ಕಳಂತೆ ಮೇಲೆದ್ದವು. ಕೆಂಪು ಮಣ್ಣು, ತರಚು ಗಾಯ, ಒಂದು ಒಡೆದ ಉಗುರು. ಕ್ಲಾವ್ದಿಯ್ ನೋಡಿದ. ನಂಬಿದಂತೆ ಕಾಣಲಿಲ್ಲ. "ಗೋಡೆ ತೋರಿಸಿ," ಎಂದ.

ಎಲ್ಲರೂ ಲೋಟ ಬಿಟ್ಟು, ಅಲ್ಬಿನ್‌ನನ್ನೂ ಕುರ್ಚಿ ಸಮೇತ ಹೊತ್ತು, ಹಿಂದೆ ಹೋದರು. ಅವನು ಗ್ವೆನ್ ಕಟ್ಟಿದ ಕಡೆಯಿಂದ ಶುರುಮಾಡಿ, ಕೈಯಿಂದ ತಳ್ಳಿ, ಕಾಲಿಂದ ಒದ್ದು ನೋಡಿದ. ಅಲುಗಲಿಲ್ಲ. "ಇದನ್ನ ಕಟ್ಟಿದವರು ಗೊತ್ತಿರೋರು. ಯಾವ ಊರಿನ ಮೇಸ್ತ್ರಿ?" ಎನ್ನುತ್ತ ಮುಂದೆ ನಡೆದು ವೌಟರ್‌ನ ತುದಿಗೆ ಬಂದ. ಅಲ್ಲಿ ನಿಂತುಬಿಟ್ಟ.

"ಇದು?"

"ಹಲ್ಲಿನ ಡಾಕ್ಟರು," ಎಂದಳು ಯುಸ್ತಿನಾ.

"ಹಲ್ಲೂ ಹೀಗೇ ಕಟ್ತಾನಾ?"

"ಅವನ ಊರಲ್ಲಿ ಗುಡ್ಡವೇ ಇಲ್ವಂತೆ. ಪಾಪ, ಕಲ್ಲು ಎಲ್ಲಿ ನೋಡಿರ್ತಾನೆ?"

ಕ್ಲಾವ್ದಿಯ್‌ನ ಅಜ್ಜ ಆ ಸೀಮೆಯ ಅರ್ಧ ಗೋಡೆ ಕಟ್ಟಿದವನು. ಅಂಥವನ ಮೊಮ್ಮಗನಿಗೆ ತಪ್ಪು ಕೂತ ಕಲ್ಲನ್ನು ನೋಡಿ ಸುಮ್ಮನೆ ಹೋಗುವುದು ನೌಕರಿಯಿಂದಲೂ ಕಲಿಯಲಾಗದ ವಿದ್ಯೆ. ಕಡತವನ್ನು ಹುಲ್ಲಿನ ಮೇಲಿಟ್ಟ. ಮೂರು ಕಲ್ಲು ತೆಗೆದ, ತಿರುಗಿಸಿದ, ಎರಡನ್ನು ಇಟ್ಟ, ಒಂದನ್ನು ಬಿಸಾಡಿದ. ವೌಟರ್ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ, ಹಲ್ಲು ಕಾಲೇಜಿನ ಮೊದಲ ವರ್ಷದವನಂತೆ.

ಕೈಯ ಧೂಳು ಒರೆಸಿಕೊಂಡು ಕ್ಲಾವ್ದಿಯ್ ಹೇಳಿದ, "ದುಡ್ಡು ಕೊಟ್ಟು ಊಟಕ್ಕೆ ಬಂದವರು ಬಿಸಿಲಲ್ಲಿ ಕಲ್ಲು ಹೊರಲ್ಲ. ದುಡ್ಡು ತಗೊಂಡು ಕೆಲಸಕ್ಕೆ ಬಂದವರು ಹೀಗೆ ಕಟ್ಟಲ್ಲ. ಲಿಕೊಫ್ ಅಂತಲೇ ಬರೀತೀನಿ. ಆದರೆ ನಾನು ಹೋಗೋದ್ರೊಳಗೆ ಆ ಐವಿ ಇಳೀಬೇಕು."

"ನಾನೇ ಬಿಚ್ಚಬೇಕು," ಎಂದ ಅಲ್ಬಿನ್ ಕುರ್ಚಿಯಿಂದಲೇ.

"ಗೊತ್ತಪ್ಪ. ನಮ್ಮನೇಲೂ ಹಾಗೇ," ಎಂದ ಕ್ಲಾವ್ದಿಯ್.

ಹೀಗಾಗಿ ಕೂಡುರಸ್ತೆಗೆ ಒಂದು ಮೆರವಣಿಗೆ ಹೊರಟಿತು. ವೌಟರ್ ಮತ್ತು ತಾದೇಯ್ ಕುರ್ಚಿ ಹೊತ್ತರು, ತಪಾಸಣೆಯವನು ಕುರ್ಚಿಯ ಒಂದು ಕಾಲು ಹಿಡಿದ, ಗ್ವೆನ್ ಹಿಂದಿನಿಂದ ಏನೇನೋ ಸೂಚನೆ ಕೊಟ್ಟಳು. ಅಲ್ಬಿನ್ ಎತ್ತರದಲ್ಲಿ ನಿಟ್ಟುಸಿರು ಬಿಡುತ್ತ ಹಗ್ಗ ಬಿಚ್ಚಿದ. ಐವಿ ಕಂಬದ ಪಕ್ಕಕ್ಕೇ ಬರುವ ರಾದೊನ ಬೇಲಿಯ ಮೇಲೆ ಬಿತ್ತು. ಬೇಕಂತಲೇ ಎಂದು ಯಾರೂ ಸಾಧಿಸಲಾರರು.

ನವೆಂಬರಿನ ಪರವಾನಗಿ ಸಕಾಲಕ್ಕೆ ಬಂತು. ಅದನ್ನು ಯುಸ್ತಿನಾ ಉಪ್ಪಿನ ಡಬ್ಬಿಯ ಮುಂದೆ ಇಟ್ಟು, ತಾದೇಯ್‌ಗೆ ಫೋನು ಮಾಡಿದಳು.

"ಹನ್ನೊಂದನೇ ತಾರೀಖಿಂದ ಹದಿನೆಂಟು. ಬರ್ಕೊಂಡ್ಯಾ? ಎಂಟೇ ಜನ. ಆ ಡಾಕ್ಟರನ್ನ ಕರ್ಕೊಂಡು ಬಾ."

"ಯಾಕತ್ತೆ, ಗೋಡೆ ಬಿತ್ತಾ?"

"ಅವನ ತುದಿಯಲ್ಲಿ ಕ್ಲಾವ್ದಿಯ್ ಇಟ್ಟ ಎರಡು ಕಲ್ಲು ಮಾತ್ರ ನಿಂತಿವೆ. ಉಳಿದದ್ದನ್ನ ಅವನೇ ಬಂದು ನೋಡಲಿ."